ಬೆಂಡೆಕಾಯಿ ತುದಿ ಮುರಿಯೋ ಕೈ

ತಿಂಗಳಾಯ್ತು ಇಲ್ಲಿ ಏನೂ ಬರೆದಿರಲಿಲ್ಲ. ಬೆಂಡೆ ಕೊಯ್ಲು ನಡೀತಾ ಇತ್ತು. ದಿನ ಬಿಟ್ಟು ದಿನ ಕೊಯ್ಯಲೇಬೇಕು, ರಾತ್ರಿ ಊಟ ಆಗೋ ಹೊತ್ತಿಗೆ ಕಣ್ಣು ಎಳೀತಿತ್ತು. ಇವತ್ತು ಬೆಳಗಿಂದ ಮಳೆ ಹಿಡಿದಿದೆ, ಕೂತು ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಮಾಲೂರು ಕಡೆ ಅಂತ ಓದೋರಿಗೆಲ್ಲ ಗೊತ್ತೇ ಇದೆ. ಈ ಸಲ ಹತ್ತು ಗುಂಟೆಗೆ ಬೆಂಡೆ ಹಾಕಿದ್ದೆ, ಹೆಸರಘಟ್ಟದ ಅರ್ಕಾ ಅನಾಮಿಕ. ಹಳದಿ ನಂಜು ಅಷ್ಟಾಗಿ ಬರಲಿಲ್ಲ, ಪುಣ್ಯ. ಕೊಯ್ಲಿಗೆ ಐವತ್ತು, ಅರವತ್ತು ಕೆ.ಜಿ. ಬರುತ್ತೆ, ಜಾಸ್ತಿ ಪಾಲು ಮಂಡಿಗೆ ಹೋಗುತ್ತೆ. ಸಂತೆ ದಿನ ಮಾತ್ರ ಮೂವತ್ತು ಕೆ.ಜಿ. ಉಳಿಸ್ಕೊಂಡು ನಾನೂ ನಮ್ಮನೆಯವಳೂ ಗೋಣಿತಾಟು ಹಾಸಿ ಕೂರ್ತೀವಿ. ಮಂಡೀಲಿ 18, 20 ಸಿಕ್ಕಿದ್ರೆ ಸಂತೇಲಿ 40 ಸಿಗುತ್ತೆ. ಆ ಇಪ್ಪತ್ತು ರೂಪಾಯಿಗೋಸ್ಕರ ದಿನವೆಲ್ಲ ಬಿಸಿಲಲ್ಲಿ ಕೂರೋದು. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಕೂರ್ತೀರ, ಹೊಸದೇನಲ್ಲ.

ಮೂರು ಸಂತೆ ಹಿಂದಿನ ಮಾತು. ಸಂಜೆ ಗೋಣಿ ಮಡಚೋವಾಗ ನೋಡ್ತೀನಿ, ಸುತ್ತ ಬರೀ ಬೆಂಡೆಕಾಯಿ ತುದಿಗಳು. ನಮ್ಮನೆಯವಳು ಗುಡಿಸಿದ್ರೆ ಒಂದು ಮೊರ ಆಯ್ತು. ತುದಿ ಮುರಿಸ್ಕೊಂಡು ಯಾರಿಗೂ ಬೇಡವಾಗಿ ಉಳಿದಿದ್ದ ಕಾಯಿ ಆರಿಸಿ ತಕ್ಕಡಿಗೆ ಹಾಕಿದೆ. ಎರಡು ಕೆ.ಜಿ. ಮುನ್ನೂರು ಗ್ರಾಂ. ಲೆಕ್ಕ ಹಾಕಿದ್ರೆ 92 ರೂಪಾಯಿ. ಹಸುಗೆ ಹಾಕಿದೆ.

92 ರೂಪಾಯಿ ದೊಡ್ಡದಲ್ಲ ಅನ್ನಬಹುದು. ಬೆಂಡೆ ಕೊಯ್ದೋರಿಗೆ ಗೊತ್ತು ಆ ಎರಡು ಕೆ.ಜಿ. ಅಂದ್ರೆ ಏನು ಅಂತ. ಬೆಳಗ್ಗೆ ಐದೂವರೆಗೆ ಹೊಲಕ್ಕೆ ಇಳೀಬೇಕು. ಕೈಗೆ ಹಳೇ ಕಾಲುಚೀಲ ಹಾಕ್ಕೊಂಡ್ರೂ ಮುಂಗೈ ಎಲ್ಲ ನವೆ. ಬೆವರು ತಾಗಿದ್ರೆ ಇನ್ನೂ ಉರಿ. ಹಂಗೆ ಕೊಯ್ದು ತಂದ ಕಾಯಿನ ಒಬ್ಬರು ಬಂದು ಕುಕ್ಕರಗಾಲಲ್ಲಿ ಕೂತು ಟಕ್, ಟಕ್, ಟಕ್ ಅಂತ ಮುರೀತಾ ಹೋದ್ರೆ ಆ ಸದ್ದು ನಮ್ಮ ಎದೇಲಿ ಕೇಳುತ್ತೆ.

ಟಕ್ ಅಂತ ಮುರಿದ್ರೆ ಎಳೇದು, ತಗೋತಾರೆ. ಮುರೀದೆ ಬಾಗಿದ್ರೆ ಬಲಿತಿದ್ದು, ವಾಪಸ್ ಎಸೀತಾರೆ. ಇಷ್ಟೇ ಆದ್ರೆ ಒಪ್ಕೊಳ್ಳೋಣ. ಕೆಲವರು ಮುರೀತಾ ಮುರೀತಾ ರೇಟು ಕೇಳ್ತಾರೆ. ರೇಟು ಹೊಂದಲಿಲ್ಲ ಅಂತ ಸೆರಗು ಕೊಡವಿ ಎದ್ದು ಹೋಗ್ತಾರೆ. ಮುರಿದಿದ್ದು ಅಲ್ಲೇ ಇರುತ್ತೆ. ಬೆಂಡೆಗೆ ಗಾಯ ಆದ್ರೆ ಗೊತ್ತಲ್ಲ, ಮುರಿದ ಜಾಗ ಒಣಗಿ ಸಂಜೆ ಹೊತ್ತಿಗೆ ಕಪ್ಪಾಗುತ್ತೆ. ಆಮೇಲೆ ಬಂದೋರು ಅದನ್ನ ನೋಡಿ "ಏನ್ರೀ, ನಿನ್ನೆದಾ?" ಅಂತಾರೆ. ಬೆಳಗ್ಗೆ ಕೊಯ್ದಿದ್ದು ಅಂತ ಯಾರ ಮೇಲೆ ಆಣೆ ಇಡೋದು?

ಬೆಂಡೆ ಒಂದೇ ಅಲ್ಲ ಬಿಡಿ. ಸೋರೆಕಾಯಿಗೆ ಉಗುರು ಚುಚ್ತಾರೆ. ಎಳೇ ಸೋರೆಕಾಯಿ ಮೇಲೆ ಸಣ್ಣ ನವಿರು ಇರುತ್ತೆ, ಅಂಗೈ ಸವರಿದ್ರೆ ತಿಳಿಯುತ್ತೆ, ಉಗುರೇ ಬೇಕಿಲ್ಲ. ಮುಸುಕಿನ ಜೋಳದ ಮುಸುಕು ಅರ್ಧ ಸುಲಿದು ನೋಡಿ ಬಿಟ್ಟು ಹೋಗ್ತಾರೆ, ಕಾಳು ಒಣಗುತ್ತೆ. ಅವರೆಕಾಯಿ ಕಾಲದಲ್ಲಿ ಸೊಗಡು ನೋಡ್ತೀನಿ ಅಂತ ಉಜ್ಜಿ ಮೂಸೋದು ಸರಿ, ಅದರಿಂದ ಕಾಯಿಗೇನೂ ಆಗಲ್ಲ. ಹತ್ತು ಕಾಯಿ ಬಿಡಿಸಿ ಕಾಳು ಬಾಯಿಗೆ ಹಾಕ್ಕೊಂಡು ಹುಳ ಇದೆ ಅಂತ ಹೋಗೋದು ಸರಿಯಲ್ಲ. ತೆಂಗಿನಕಾಯಿ ಅಲ್ಲಾಡಿಸಿ, ತಟ್ಟಿ, ನುಗ್ಗೇಕಾಯಿ ತಿರುಚಿ ನೋಡಿ, ಯಾರೂ ಬೇಡ ಅನ್ನಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಟೊಮೇಟೊಗೆ. ಹತ್ತು ಜನ ಹೆಬ್ಬೆರಳಲ್ಲಿ ಅದುಮಿದ ಹಣ್ಣು ಅವತ್ತು ಏನೂ ಆಗದೇ ಇರೋ ಥರ ಕಾಣುತ್ತೆ. ಮಾರನೇ ದಿನ ಅದೇ ಜಾಗ ಮೆತ್ತಗಾಗಿ ನೀರು ಬಿಡುತ್ತೆ, ಪಕ್ಕದ ನಾಲ್ಕನ್ನೂ ಕೆಡಿಸುತ್ತೆ. ಅದುಮಿದೋರು ಯಾರೋ, ಬೈಸ್ಕೊಳ್ಳೋನು ಮಾರಿದೋನು.

ಇದೆಲ್ಲ ತಲೇಲಿ ತುಂಬ್ಕೊಂಡು ಮುಂದಿನ ಸಂತೆಗೆ ಹೋದೆ. ಇವತ್ತು ಯಾರಾದ್ರೂ ಮುರೀಲಿ, ನೋಡ್ಕೋತೀನಿ ಅಂತಾನೇ ಕೂತಿದ್ದೆ.

ಹನ್ನೊಂದು ಗಂಟೆ ಇರಬಹುದು, ಒಬ್ಬ ಅಜ್ಜಿ ಬಂತು. ಸಂತೇಲಿ ಯಾವಾಗಲೂ ನೋಡೋ ಮುಖವೇ. ಕೈಯಲ್ಲಿ ಹಳೇ ಪ್ಲಾಸ್ಟಿಕ್ ಬುಟ್ಟಿ. ಕೂತಿದ್ದೇ ಶುರು ಮಾಡ್ತು. ಒಂದು, ಎರಡು, ಮೂರು. ಆರನೇದು ಮುರಿದಾಗ ನನಗೆ ತಡೆಯೋಕೆ ಆಗಲಿಲ್ಲ. "ಕೈ ತೆಗಿ ಅಜ್ಜಿ! ಬಿಟ್ಟಿ ಬಂದಿದ್ದಾ ಇದು? ಮುರಿದಿದ್ದನ್ನೆಲ್ಲ ತಗೊಂಡು ದುಡ್ಡು ಇಟ್ಟು ಏಳು" ಅಂದೆ. ಜೋರಾಗೇ ಅಂದೆ. ಪಕ್ಕದ ಸೊಪ್ಪಿನವರು, ಎದುರಿನ ಈರುಳ್ಳಿಯವರು, ಎಲ್ಲ ತಿರುಗಿ ನೋಡಿದ್ರು.

ಅಜ್ಜಿ ಹೆದರಲಿಲ್ಲ. ಜಗಳಕ್ಕೂ ಬರಲಿಲ್ಲ. ಕೈ ಮಡಿಲಲ್ಲಿ ಇಟ್ಕೊಂಡು ನನ್ನ ಮುಖಾನೇ ನೋಡಿ ಹೇಳ್ತು: "ಹೋದ ವಾರದ ಆಚೆ ವಾರ ನಿನ್ ತಾವೇ ಅರ್ಧ ಕೇಜಿ ತಗೊಂಡೆ ಕಣಪ್ಪಾ. ನಂಬಿ ಮುಟ್ಟದೇನೇ ತಗೊಂಡೆ. ಅರ್ಧಕ್ಕರ್ಧ ಬಲಿತಿತ್ತು. ಬಾಯಲ್ಲಿ ಇರೋದು ನಾಲ್ಕು ಹಲ್ಲು, ನಾರು ಅಗಿಯೋಕೆ ಆಯ್ತದಾ? ಸಾರೆಲ್ಲ ಚೆಲ್ಲಿದೆ."

ಆ ವಾರ ನೆನಪಿಗೆ ಬಂತು. ನಮ್ಮ ಭಾವಮೈದನ ಮನೇಲಿ ಮದುವೆ ಇತ್ತು, ಎರಡು ದಿನ ಹೊಲಕ್ಕೆ ಹೋಗಿರಲಿಲ್ಲ. ಬೆಂಡೆ ಹೂ ಬಿಟ್ಟು ಐದಾರು ದಿನಕ್ಕೆ ಕೊಯ್ಲಿಗೆ ಬರುತ್ತೆ, ಆಮೇಲೆ ಎರಡು ದಿನ ಬಿಟ್ರೆ ನಾರೇ. ಅದರಲ್ಲೂ ಆಗ ಬಿಸಿಲು ಬೇರೆ. ವಾಪಸ್ ಬಂದು ಕೊಯ್ದಾಗ ಆರೇಳು ಕೆ.ಜಿ. ಬಲಿತಿತ್ತು. ನಮ್ಮನೆಯವಳು "ಇದನ್ನ ಬೇರೆ ಇಡ್ರೀ" ಅಂದಿದ್ದಳು. ನಾನೇ ಕಲೆಸಿದ್ದೆ. ಕೆಳಗೆ ಬಲಿತಿದ್ದು, ಮೇಲೆ ಎಳೇದು. ತೂಗೋವಾಗ ಎರಡೂ ಸೇರಿಸಿ ಬಾಚಿ ಬಾಚಿ ಹಾಕಿದ್ದೆ. ಅವತ್ತು ಎಲ್ಲ ಖಾಲಿ ಆಗಿತ್ತು, ಖುಷಿಯಾಗಿ ಮನೆಗೆ ಬಂದಿದ್ದೆ.

ಅದರ ಮುಂದಿನ ಸಂತೇನೇ ನಾನು ಮೊರದ ತುಂಬ ತುದಿ ಗುಡಿಸಿದ್ದು. ಅದು ನನಗೆ ಅಲ್ಲಿವರೆಗೂ ಹೊಳೆದಿರಲಿಲ್ಲ.

ಅಜ್ಜಿಗೆ ಏನೂ ಹೇಳೋಕೆ ಬಾಯಿ ಬರಲಿಲ್ಲ. ನಮ್ಮನೆಯವಳೇ ಎಳೇದು ನೋಡಿ ಅರ್ಧ ಕೆ.ಜಿ. ಹಾಕೋಕೆ ಹೋದಳು. ಅಜ್ಜಿ ತಾನು ಮುರಿದಿದ್ದ ಆರನ್ನೂ ತಗೊಂಡು, ಹತ್ತು ರೂಪಾಯಿ ಗೋಣಿ ಮೇಲಿಟ್ಟು ಎದ್ದು ಹೋಯ್ತು. ಆರು ಬೆಂಡೆಕಾಯಿಗೆ ಹತ್ತು ರೂಪಾಯಿ. ಕೂಗಿದ್ರೂ ತಿರುಗಲಿಲ್ಲ.

ಮನೆಗೆ ಬರೋವಾಗ ಟೆಂಪೋದಲ್ಲಿ ಇಬ್ಬರೂ ಮಾತಾಡಲಿಲ್ಲ. ನಾನು ಹಳೇದೆಲ್ಲ ಯೋಚನೆ ಮಾಡ್ತಿದ್ದೆ. ನಮ್ಮ ಕೋಲಾರ ಜಿಲ್ಲೇಲಿ ಟೊಮೇಟೊ ಬೆಳೆದೋರು ಯಾರೂ ಇದನ್ನ ಓದಿ ಕೋಪ ಮಾಡ್ಕೋಬೇಡಿ, ನನ್ನ ಮಾತೇ ಹೇಳ್ತೀನಿ. ಹದಿನೈದು ಕೆ.ಜಿ. ಬಾಕ್ಸಿಗೆ ತಳದಲ್ಲಿ ಒಡೆದಿದ್ದು, ಗೋಲಿಯಂಥದ್ದು ಹಾಕಿ ಮೇಲೆ ಎರಡು ಪದರ ಕೆಂಪಗೆ ಮಿಣಮಿಣ ಅನ್ನೋದು ಜೋಡಿಸಿದ್ದೀನಿ. ಒಂದು ಸಲ ಅಲ್ಲ. ರೇಟು ಬಿದ್ದಾಗ ಇನ್ನೇನು ಮಾಡೋದು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೀನಿ. ಒಂದು ದಿನ ಒಬ್ಬ ವ್ಯಾಪಾರಿ ನನ್ನ ಬಾಕ್ಸ್ ಪೂರ್ತಿ ನೆಲಕ್ಕೆ ಬಗ್ಗಿಸಿ ಎಲ್ಲರ ಎದುರಿಗೆ ಕಾಲಲ್ಲಿ ತಳ್ಳಿದ. ಆವತ್ತು ಅವನ ಮೇಲೆ ಕೋಪ ಬಂದಿತ್ತು. ಇಪ್ಪತ್ತು ವರ್ಷ ಆಗಿರಬೇಕು, ಈಗಲೂ ಆ ಕಡೆ ಹೋದ್ರೆ ಆ ಜಾಗ ಕಣ್ಣಿಗೆ ಬರುತ್ತೆ.

ಗಿರಾಕಿಯಾಗಿ ನಾನೇನು ಕಮ್ಮಿ ಇಲ್ಲ. ಮಾವಿನಹಣ್ಣು ತಗೊಳ್ಳೋವಾಗ ನನ್ನ ಹೆಬ್ಬೆರಳು ತಾನಾಗೇ ಅದುಮುತ್ತೆ. ಶ್ರೀನಿವಾಸಪುರದ ಕಡೆ ರಸ್ತೆ ಪಕ್ಕ ಒಬ್ಬ ಹುಡುಗ ಬುಟ್ಟಿ ಇಟ್ಕೊಂಡಿದ್ದ. "ಅಣ್ಣ, ಅದುಮಬೇಡಿ, ತೊಟ್ಟಿನ ಹತ್ತಿರ ಮೂಸಿ ನೋಡಿ" ಅಂದ. ಸರಿಯಾಗೇ ಹೇಳ್ದ. ನಾನು ಮಾತ್ರ "ನಮಗೆ ಹೇಳಿಕೊಡ್ತೀಯಾ" ಅಂದು ಬಂದೆ.

ರಾತ್ರಿ ನಮ್ಮನೆಯವಳು ಒಂದು ಉಪಾಯ ಹೇಳಿದಳು. ಹೊಸದೇನಲ್ಲ, ನಮ್ಮ ಕೆಲವರು ಮೊದಲಿಂದ ಮಾಡ್ತಾನೇ ಇದ್ದಾರೆ. ಕೊಯ್ಯೋವಾಗಲೇ ಎರಡು ಚೀಲ. ನಡುಬೆರಳಿನ ಉದ್ದದ್ದು, ಸ್ವಲ್ಪ ಹೆಚ್ಚುಕಮ್ಮಿ, ಒಂದರಲ್ಲಿ. ಬಲಿತಿದ್ದು ಇನ್ನೊಂದರಲ್ಲಿ. ಸಂತೇಲೂ ಎರಡು ಗುಡ್ಡೆ. ಎಳೇದು ಕೆ.ಜಿ. 40, ಬಲಿತಿದ್ದು 15, ಬಲಿತಿದ್ದು ಅಂತ ಬಾಯಿಬಿಟ್ಟು ಹೇಳೇ ಮಾರೋದು. ಗಿರಾಕಿ ಬಂದ ತಕ್ಷಣ ಅವರಿಗಿಂತ ಮೊದಲು ನಾವೇ ಒಂದು ಕಾಯಿ ಮುರಿದು ಕೈಗೆ ಕೊಡೋದು. "ನಾವು ಮುರಿದ್ರೆ ಅವರು ಯಾಕೆ ಮುರೀತಾರೆ" ಅಂದಳು. ಇನ್ನೊಂದು, ಎಲೆಕ್ಟ್ರಾನಿಕ್ ತಕ್ಕಡಿ ನಂಬರ್ ಕಾಣೋ ಕಡೆ ನಮ್ಮ ಕಡೆಗೇ ಇರ್ತಿತ್ತು, ಅದನ್ನ ಗಿರಾಕಿ ಕಡೆಗೆ ತಿರುಗಿಸಿದಳು. ಮುದ್ರೆ ಹಾಕಿಸಿದ ತಕ್ಕಡಿ, ತೂಕದಲ್ಲಿ ನಾವು ಮೋಸ ಮಾಡಿಲ್ಲ, ಆದ್ರೂ ಇಷ್ಟು ವರ್ಷ ಯಾಕೆ ನಮ್ಮ ಕಡೆ ಇಟ್ಕೊಂಡಿದ್ವೋ ಗೊತ್ತಿಲ್ಲ.

ಬಲಿತ ಬೆಂಡೆ ಯಾರು ತಗೋತಾರೆ ಅಂತ ನನಗೆ ಅನುಮಾನ ಇತ್ತು. ಒಬ್ಬ ಹೋಟೆಲ್ಲಿನವನು ನಾಲ್ಕು ಕೆ.ಜಿ. ತಗೊಂಡು ಹೋದ. ಏನು ಮಾಡ್ತಾನೆ ಅಂತ ಕೇಳೋಕೆ ಹೋಗಲಿಲ್ಲ.

ಮುರಿಯೋರು ಪೂರ್ತಿ ನಿಂತುಬಿಟ್ರು ಅಂತ ಸುಳ್ಳು ಹೇಳಲ್ಲ. ಬೋಣಿ ಆಗೋಕೆ ಮುಂಚೆ ಬಂದ ಒಬ್ಬರು ನಾನು ಮುರಿದು ಕೊಟ್ಟಿದ್ದನ್ನ ನೋಡಿ, ಆಮೇಲೂ ನಾಲ್ಕು ಮುರಿದು, 30ಕ್ಕೆ ಕೊಡು ಅಂದು, ತಗೊಳ್ಳದೇ ಹೋದ್ರು. ಬೋಣಿ ಹೊತ್ತಲ್ಲಿ ಹಂಗೆ ಮಾಡಬಾರದು ಅಂತ ಅವರಿಗೂ ಗೊತ್ತು. ಅಂಥೋರು ಇರ್ತಾರೆ. ಆದ್ರೆ ಸಂಜೆ ತೂಗಿದ್ರೆ ತುದಿ ಮುರಿದು ಉಳಿದಿದ್ದು ಕಾಲು ಕೆ.ಜಿ.ಯೂ ಇರಲಿಲ್ಲ.

ಅಜ್ಜಿ ಆ ವಾರ ಬರಲಿಲ್ಲ. ನಮ್ಮನೆಯವಳು ಅರ್ಧ ಕೆ.ಜಿ. ಒದ್ದೆ ಬಟ್ಟೇಲಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದಳು. ಸಂಜೆ ಅದನ್ನ ನಾವೇ ಗೊಜ್ಜು ಮಾಡ್ಕೊಂಡ್ವಿ.

ಮೊನ್ನೆ ಸಂತೇಲಿ ಬಂತು. ಮೊದಲು ಎದುರಿನ ಸಾಲಲ್ಲಿ ಬೇರೆಯವರ ಹತ್ತಿರ ಬೆಂಡೆ ನೋಡ್ತಾ ನಿಂತಿತ್ತು. ನಾನು ಕೂಗಲಿಲ್ಲ, ಯಾವ ಮುಖ ಇಟ್ಕೊಂಡು ಕೂಗೋದು. ನಮ್ಮನೆಯವಳು "ಬನ್ನಿ ಅಜ್ಜಿ" ಅಂದಳು. ಬಂದು ಕೂತ್ಕೊಂತು. ನಾನು ಒಂದು ಕಾಯಿ ಮುರಿದು ಕೈಗೆ ಕೊಟ್ಟೆ. "ಆವತ್ತು ತಪ್ಪು ನಂದೇ ಅಜ್ಜಿ, ಬಲಿತಿದ್ದು ಕಲೆಸಿದ್ದೆ" ಅಂದೆ. ಅದಕ್ಕೇನೂ ಹೇಳಲಿಲ್ಲ. ಕಾಯಿ ತಿರುಗಿಸಿ ನೋಡ್ತು. "ಅರ್ಧ ಕೇಜಿ ಹಾಕು" ಅಂತು, ಎರಡೂ ಕೈ ಮಡಿಲಲ್ಲೇ ಇತ್ತು. ಗುಡ್ಡೆ ಮುಟ್ಟಲಿಲ್ಲ.

ತೂಗಿ ಬುಟ್ಟಿಗೆ ಹಾಕಿದೆ. "ಕೊಸರು?" ಅಂತು. ನಾಲ್ಕು ಕಾಯಿ ಜಾಸ್ತಿ ಹಾಕಿದೆ. ಆ ನಾಲ್ಕರಲ್ಲಿ ಒಂದನ್ನ ಎತ್ಕೊಂಡು, ನನ್ನ ಮುಖ ನೋಡ್ತಾನೇ ಟಕ್ ಅಂತ ತುದಿ ಮುರೀತು. ನಮ್ಮನೆಯವಳು ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಗ್ತಾ ಇದ್ದಳು.

ಬೆಂಡೆ ಇನ್ನು ಮೂರು ಕೊಯ್ಲು ಬರಬಹುದು ಅಷ್ಟೇ, ಗಿಡ ಸೋತಿದೆ. ಪಕ್ಕದ ಐದು ಗುಂಟೇಲಿ ಸೋರೆ ಹಬ್ಬಿದೆ, ಈಚು ಕಚ್ಚಿದೆ. ಸೋರೆಕಾಯಿಗೆ ಉಗುರು ಬೀಳದೇ ಇರೋ ಹಾಗೆ ಯಾರಾದ್ರೂ ಏನಾದ್ರೂ ಮಾಡ್ತಿದ್ರೆ ತಿಳಿಸಿ. ಅದನ್ನ ಬೆಂಡೆ ಥರ ಒಂದು ಮುರಿದು ತೋರಿಸೋಕೆ ಆಗಲ್ಲವಲ್ಲ.