ಉಜಿರೆಯ ಬೆಳಗಿನ ಪಾಠ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವವರಲ್ಲಿ ಹೆಚ್ಚಿನವರಿಗೆ ಉಜಿರೆ ಎಂದರೆ ಧರ್ಮಸ್ಥಳಕ್ಕೆ ತಿರುಗುವ ಜಾಗ, ಅಷ್ಟೆ. ಕಕ್ಕಿಂಜೆ, ಮುಂಡಾಜೆ ದಾಟುವಷ್ಟರಲ್ಲಿ ಹೊಟ್ಟೆ ತೊಳಸುವುದು ನಿಂತಿರುತ್ತದೆ, ಅಡಿಕೆ ತೋಟಗಳು ಶುರುವಾಗಿರುತ್ತವೆ, ಬಸ್ಸಿನಲ್ಲಿದ್ದವರು ದರ್ಶನದ ಸಾಲು ಎಷ್ಟುದ್ದ ಇದೆಯೋ ಎಂದು ಮಾತಾಡಿಕೊಳ್ಳುತ್ತಿರುತ್ತಾರೆ. ಈ ಸಲ ಹೈದರಾಬಾದಿನಿಂದ ಊರಿಗೆ ಬಂದವನು ಉಜಿರೆಯಲ್ಲೇ ಇಳಿದುಕೊಂಡೆ. ಮೂಡಿಗೆರೆ ಕಡೆಯ ನನ್ನ ಚಿಕ್ಕಮ್ಮನ ಮಗ ಹತ್ತು ವರ್ಷದ ಹಿಂದೆ ಒಂದು ತಿಂಗಳು ಇದ್ದು ಬಂದ ರುಡ್‌ಸೆಟ್ ಸಂಸ್ಥೆಯನ್ನು ನೋಡಬೇಕಿತ್ತು.

ಸಂಸ್ಥೆ ಶುರುವಾದದ್ದು 1982ರಲ್ಲಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ಎರಡೂ ಬ್ಯಾಂಕು ಈ ಮಣ್ಣಿನವೇ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಯೋಜನೆ ತಂದು, ದಿನದ ಚಿಲ್ಲರೆ ಉಳಿತಾಯ ಕೇಳಿಕೊಂಡು ಮನೆಬಾಗಿಲಿಗೆ ಹೋದವರು. ಹಾಗಾಗಿ ಹಳ್ಳಿಯ ನಿರುದ್ಯೋಗಿ ಹುಡುಗರನ್ನು ಮುಂದಿನ ಗ್ರಾಹಕರಂತೆ ನೋಡುವುದು ಅವರಿಗೆ ಹೊಸದಾಗಿರಲಾರದು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ ಸೇರಿಹೋಯಿತು, ಸಂಸ್ಥೆ ಉಳಿದಿದೆ.

ಕಲಿಸುವ ಕೆಲಸಗಳ ಪಟ್ಟಿಯಲ್ಲಿ ಬೆರಗುಪಡುವಂಥದ್ದೇನೂ ಇಲ್ಲ. ಹೊಲಿಗೆ, ಮನೆ ವೈರಿಂಗ್, ಬೈಕ್ ರಿಪೇರಿ, ಪಂಪ್‌ಸೆಟ್ ರಿಪೇರಿ, ಜೇನು, ಹೈನುಗಾರಿಕೆ, ಮೊಬೈಲ್ ರಿಪೇರಿ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಸ್ವಾರಸ್ಯ ಇರುವುದು ದಿನಚರಿಯಲ್ಲಿ. ಬೆಳಿಗ್ಗೆ ಬೇಗ ಎದ್ದು ಯೋಗ, ಶ್ರಮದಾನ ಮಾಡಬೇಕು. ಆಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತು ನಿನ್ನೆ ಕಲಿತದ್ದರಲ್ಲಿ ತನಗೆ ಮುಖ್ಯವೆನಿಸಿದ್ದನ್ನು ಹೇಳಬೇಕು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು 'ಮಿಲ್ಲಿ' ಎನ್ನುತ್ತಾರೆ. ನಮ್ಮ ಐಟಿಯವರ ಸ್ಟ್ಯಾಂಡ್‌ಅಪ್ ಮೀಟಿಂಗಿನ ಹಾಗೆಯೇ, ಆದರೆ ಇಲ್ಲಿ ಯಾರೂ ಕ್ಯಾಮೆರಾ ಆಫ್ ಮಾಡಿ ಕೂರುವಂತಿಲ್ಲ!

ಆಟಗಳೂ ಇವೆ. ಗೂಟಕ್ಕೆ ರಿಂಗ್ ಎಸೆಯಬೇಕು, ಎಷ್ಟು ದೂರದಿಂದ ಎನ್ನುವುದು ಅವರವರ ಇಷ್ಟ. ತೀರಾ ಹತ್ತಿರ ನಿಂತರೆ ಧೈರ್ಯ ಸಾಲದು, ತೀರಾ ದೂರ ನಿಂತರೆ ಅದು ಜೂಜು. ಈ ಆಟದ ಬೇರು ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರ ಕೆಲಸದಲ್ಲಿದೆ. 1964ರಲ್ಲಿ ಅವರ ತಂಡ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಸಾಧಿಸುವ ಛಲವನ್ನೇ ಕಲಿಸಿಕೊಡಬಹುದೇ ಎಂದು ಪ್ರಯೋಗ ಮಾಡಿತ್ತು. ಆ ತರಬೇತಿ ನಡೆದ ಸಂಸ್ಥೆ ಹೈದರಾಬಾದಿನದು, ಈಗಲೂ ಯೂಸುಫ್‌ಗುಡದಲ್ಲಿದೆ. ನಾನು ಎಷ್ಟೋ ಸಲ ಅದರ ಮುಂದೆಯೇ ಆಫೀಸಿಗೆ ಹೋಗಿದ್ದೇನೆ.

ತಿಂಗಳಲ್ಲಿ ಒಬ್ಬ ಮೆಕ್ಯಾನಿಕ್ ತಯಾರಾಗುತ್ತಾನೆಂದು ನಾನು ನಂಬುವುದಿಲ್ಲ. ಚಿಕ್ಕಮ್ಮನ ಮಗನೂ ನಂಬುವುದಿಲ್ಲ. ಅವನು ಕಲಿತದ್ದು ಪಂಪ್‌ಸೆಟ್ ರಿಪೇರಿ. "ಅಣ್ಣಾ, ಸ್ಪ್ಯಾನರ್ ಹಿಡಿಯೋದನ್ನ ಯಾವ ಗ್ಯಾರೇಜಲ್ಲಾದ್ರೂ ಕಲೀಬಹುದಿತ್ತು. ನಾಲ್ಕು ಜನರ ಮುಂದೆ ಎದ್ದು ಮಾತಾಡೋದನ್ನ ಮಾತ್ರ ಅಲ್ಲೇ ಕಲ್ತಿದ್ದು" ಎನ್ನುತ್ತಾನೆ. ಶಾಲೆಯಲ್ಲಿ ಹಾಜರಿ ಕೂಗಿದರೂ ತಲೆ ತಗ್ಗಿಸುತ್ತಿದ್ದ ಹುಡುಗ. ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆಯವರು ಬೆನ್ನು ಬಿಡಲಿಲ್ಲವಂತೆ: ಅಂಗಡಿ ಹಾಕಿದೆಯಾ, ಸಾಲದ ಅರ್ಜಿ ಎಲ್ಲಿಗೆ ಬಂತು, ಯಾಕೆ ನಿಂತಿತು. ಹೀಗೆ ವಿಚಾರಿಸುತ್ತಲೇ ಇರುವುದು ಅಲ್ಲಿನ ಪದ್ಧತಿ.

2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಆರ್‌ಸೆಟಿ ಎಂಬ ಹೆಸರಿನಲ್ಲಿ ಶುರು ಮಾಡಿತು. ಈಗ ದೇಶದಲ್ಲಿ 500ಕ್ಕೂ ಹೆಚ್ಚು ಇವೆ. ಎಷ್ಟು ಜನ ತರಬೇತಿ ಪಡೆದರು, ಎಷ್ಟು ಜನ ಅಂಗಡಿ ಹಾಕಿದರು ಎಂಬ ಲೆಕ್ಕ ಸಿಗುತ್ತದೆ. ಬೆಳಗಿನ ಆ ಎದ್ದು ನಿಲ್ಲುವ ಅಭ್ಯಾಸ ಮುಂದೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದಕ್ಕೆ ಯಾವ ಕಾಲಂ ಇಟ್ಟಾರು?

ನಮ್ಮ ಹುಡುಗನ ವಿಷಯದಲ್ಲಿ ಅದು ಮುಟ್ಟಿದ್ದು ಗ್ರಾಮಸಭೆಗೆ. ಹೋದ ವರ್ಷ ಕುಡಿಯುವ ನೀರಿನ ಮೋಟಾರಿನ ರಿಪೇರಿ ಖರ್ಚು ಓದುತ್ತಿದ್ದಾಗ ಎದ್ದು ನಿಂತನಂತೆ. ರೀವೈಂಡಿಂಗ್ ಆಗಿದೆ ಎಂದು ಮೂರು ಬಿಲ್ಲುಗಳಿದ್ದವು. "ಆ ಮೋಟಾರಿನ ತಾಮ್ರದ ತಂತಿ ಹಳೇದೇ ಇದೆ, ಬಿಚ್ಚೇ ಇಲ್ಲ. ಬೇಕಾದ್ರೆ ಈಗ್ಲೇ ಬಿಚ್ಚಿ ತೋರಿಸ್ತೀನಿ" ಎಂದ. ಸಭೆ ಗಲಾಟೆಯಲ್ಲಿ ಮುಗಿಯಿತು. ಪಂಚಾಯಿತಿಯಿಂದ ಆಗೀಗ ಬರುತ್ತಿದ್ದ ಕೆಲಸ ನಿಂತಿತು. ಇಬ್ಬರು ತೋಟದವರು ತಮ್ಮ ಪಂಪುಗಳನ್ನು ಬೇರೆ ಕಡೆ ಕಳಿಸತೊಡಗಿದರು. ಅಂಗಡಿಯ ಸಾಲದ ಕಂತು ಇನ್ನೂ ಬಾಕಿ ಇದೆ.

ಈಗ ಕೆಲವರು ಮುಂದಿನ ಚುನಾವಣೆಗೆ ನಿಲ್ಲು ಎನ್ನುತ್ತಿದ್ದಾರೆ. ಉಜಿರೆಯಿಂದ ಘಾಟಿ ಹತ್ತಿ ಮನೆ ಸೇರಿದಾಗ ಚಿಕ್ಕಮ್ಮ ಕಾಫಿ ಕೊಡುತ್ತಾ, "ನೀನಾದ್ರೂ ಬುದ್ಧಿ ಹೇಳೋ, ಅಂಗಡಿ ನೋಡ್ಕೊಂಡು ತೆಪ್ಪಗಿರ್ಲಿ ಅಂತ" ಎಂದರು. ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಸಂಜೆ ಅವನ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. ಮೋಟಾರು ತಂದವರು ಒಬ್ಬರೇ. ಉಳಿದಿಬ್ಬರ ಕೈಯಲ್ಲಿ ಕಾಗದಪತ್ರಗಳಿದ್ದವು.