ಕಿಲ್ಲೆಯಿಂದ ಅದರಗುಂಚಿಗೆ

ಕಳೆದ ದಸರೆಯ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಾವು ಧಾರವಾಡದ ಕಿಲ್ಲೆಯನ್ನು ನೋಡಹೋಗಿದ್ದೆವು. 1790-91ರಲ್ಲಿ ಮರಾಠರ ಹಾಗೂ ಆಂಗ್ಲರ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಾಳಿಕೊಂಡ ಆ ಕೋಟೆಯ ಬಾಗಿಲು ಇನ್ನೂ ನಿಂತಿರುವದು. ಹುಡುಗಿಗೆ ಕೊರಿಯಾ ದೇಶದ ಹಾಡುಗಳ ಹುಚ್ಚು. ಈಗಿನ ಮಕ್ಕಳಿರುವದೇ ಹಾಗೆ. ಬಾಗಿಲ ನೆರಳಿನಲ್ಲಿ ಕುಳಿತಾಗ, "ಅಜ್ಜಾ, ಒಂದ ಭಾಷಾ ಆಡೋ ಮಂದಿಗೆ ಎರಡು ದೇಶ ಯಾಕ?" ಎಂದು ಕೇಳಿದಳು.

ಯುದ್ಧದ ಫಲವದು, ನಮಗೂ ಒದಗಿತ್ತು ಎಂದೆವು. 1799ರಲ್ಲಿ ಶ್ರೀರಂಗಪಟ್ಟಣವೂ 1818ರಲ್ಲಿ ಪೇಶವಾಯಿಯೂ ಬಿದ್ದ ತರುವಾಯ ಕನ್ನಡ ನಾಡು ಗೆದ್ದವರ ಹಂಚಿಕೆಯಾಯಿತು. ಧಾರವಾಡ ಮುಂಬಯಿಗೆ, ಬಳ್ಳಾರಿ ಮದರಾಸಿಗೆ, ಕೊಪ್ಪಳ-ರಾಯಚೂರು ನಿಜಾಮರ ಕಡೆಗೆ, ಮೈಸೂರು ಒಡೆಯರದು, 1834ರಲ್ಲಿ ಆಂಗ್ಲರು ವಶಪಡಿಸಿಕೊಂಡ ಕೊಡಗು ಬೇರೆ, ನಡುನಡುವೆ ಸವಣೂರು, ಜಮಖಂಡಿ, ಸೊಂಡೂರಿನಂಥ ಸಂಸ್ಥಾನಗಳು. ವ್ಯಾಕರಣದಲ್ಲಿ ವಿಭಕ್ತಿಯೆಂದರೆ ವಿಭಾಗವೇ ಆದರೂ ಅದರಿಂದಲೇ ಪದಪದಗಳ ಸಂಬಂಧ ತಿಳಿಯುವದು. ಈ ವಿಭಾಗಕ್ಕೆ ಆ ಗುಣವಿರಲಿಲ್ಲ.

ನಮ್ಮ ಅಜ್ಜಿಯ ತವರು ಕೊಪ್ಪಳದ ಸೀಮೆ, ಗಂಡನ ಮನೆ ಗದಗ. ನಿಜಾಮರಿಗೆ ನಾಣ್ಯವೂ ಬೇರೆ, ಅಂಚೆಯ ಚೀಟಿಯೂ ಬೇರೆ. ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ಹಾಲಿ ಸಿಕ್ಕಾ ರೂಪಾಯಿಗೆ ಗದಗಿನ ಅಂಗಡಿಯವನು ವಟ್ಟ ಮುರಿದುಕೊಳ್ಳದೆ ಬೆಲ್ಲ ಕೊಡುತ್ತಿರಲಿಲ್ಲವಂತೆ. 1947ರ ಆಗಸ್ಟ 15ಕ್ಕೆ ಗದಗಿನಲ್ಲಿ ಧ್ವಜವೇರಿತು. ತವರಿನಲ್ಲಿ ರಜಾಕಾರರ ಹಾವಳಿ. ಬಹುಕಾಲ ಸುದ್ದಿಯಿಲ್ಲದ ಅಣ್ಣನು ಒಂದು ರಾತ್ರಿ ಹೆಂಡಿರು ಮಕ್ಕಳೊಡನೆ ಗಡಿ ದಾಟಿ ಮುಂಡರಗಿಗೆ ಬಂದನು. ನಡೆಯಲಾರದ ತಾಯಿಯನ್ನು ನೆರೆಯವರಲ್ಲಿ ಬಿಟ್ಟು ಬಂದಿದ್ದನು. 1948ರ ಸಪ್ಟೆಂಬರ 17ಕ್ಕೆ ನಿಜಾಮರು ಶರಣಾದ ಮೇಲೆ ಅಜ್ಜಿ ತವರಿಗೆ ಹೋದಳು. ತಾಯಿ ಇರಲಿಲ್ಲ. ಈ ಸಂಗತಿಯನ್ನು ಅಜ್ಜಿ ನಮ್ಮೆದುರು ಒಂದೇ ಸಲ ಹೇಳಿದ್ದಳು.

"ಮತ್ತ ಕೂಡಿದ್ದು ಹ್ಯಾಂಗ?" ಎಂದಳು ಹುಡುಗಿ. ಅದಕ್ಕಾಗಿ ವಿದ್ಯಾವರ್ಧಕ ಸಂಘದ ಅಂಗಳಕ್ಕೆ ಕರೆದೊಯ್ದೆವು. ಮರಾಠಿಯ ಪ್ರಾಬಲ್ಯವಿದ್ದ ಈ ಊರಿನಲ್ಲಿ ರಾ. ಹ. ದೇಶಪಾಂಡೆಯವರೇ ಮೊದಲಾದವರು 1890ರಲ್ಲಿ ಅದನ್ನು ಸ್ಥಾಪಿಸಿದರು. ಮುಂದೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಅದರಗುಂಚಿಗೆ. ಏಕೀಕರಣಕ್ಕಾಗಿ 1953ರಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತ ಊರಿದು.

ಅದೇ ವರ್ಷದ ಜುಲೈ 27ಕ್ಕೆ ಕೊರಿಯಾದಲ್ಲಿ ಕಾಳಗ ನಿಂತಿತು. 1945ರಲ್ಲಿ ಪರರು ನಕ್ಷೆಯ ಮೇಲೆ ಎಳೆದ ಗೆರೆ, ಮೂರು ವರ್ಷದ ಯುದ್ಧದ ತರುವಾಯ ಅಷ್ಟಿಷ್ಟು ಸರಿದು, ನಾಲ್ಕು ಕಿಲೋಮೀಟರ ಅಗಲದ ಪಟ್ಟಿಯಾಗಿ ಉಳಿಯಿತು. ಸ್ವದೇಶಕ್ಕೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಸೆರೆಯಾಳುಗಳಿಗಾಗಿ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ತಿಮ್ಮಯ್ಯನವರು. ಅವರ ಕೊಡಗೇ ಆಗ ಪ್ರತ್ಯೇಕ ರಾಜ್ಯವಾಗಿತ್ತು!

ನಮ್ಮ ಗೆರೆಗಳು 1956ರ ನವೆಂಬರ 1ಕ್ಕೆ ಅಳಿಸಿದವು. ಕಾಸರಗೋಡು, ಅಕ್ಕಲಕೋಟೆಗಳಂಥವು ಹೊರಗುಳಿದವು. ಕೊರಿಯಾದವರಿಗೆ ಅಷ್ಟೂ ಇಲ್ಲ. ಅಗಲಿದ ಒಡಹುಟ್ಟಿದವರನ್ನು ಕೆಲವು ತಾಸು ಭೆಟ್ಟಿ ಮಾಡಿಸುವ ಏರ್ಪಾಡು ಸಹ 2018ರ ತರುವಾಯ ನಿಂತಿರುವದು.

ಅಜ್ಜಿ ಕೊಟ್ಟ ಹಾಲಿ ಸಿಕ್ಕಾ ರೂಪಾಯಿಯೊಂದನ್ನು ನಾವು ಅಂದು ಜೊತೆಗೆ ತಂದಿದ್ದೆವು. ಬಸ್ಸಿಗಾಗಿ ಕಾಯುತ್ತ ಅದನ್ನು ಮೊಮ್ಮಗಳ ಅಂಗೈಯಲ್ಲಿಟ್ಟೆವು. ಅವಳು ಅದನ್ನು ತಿರುವಿ ಮುರುವಿ ನೋಡಿ, "ಇದು ಈಗ ಎಲ್ಲೆ ನಡೀತೈತಿ, ಅಜ್ಜಾ?" ಎಂದಳು. ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಬಂದಿತು.