ಸ್ಟಾಕ್‌ಹೋಮಿಗೂ ಹತ್ತಿದ ತಂಬೂರಿಯ ಹುಚ್ಚು

ಗವಾಯಿಗಳು ತಂಬೂರಿ ಶ್ರುತಿ ಮಾಡುವ ಹೊತ್ತನ್ನು ಸಭಿಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಕ್ಕದವರ ಯೋಗಕ್ಷೇಮ ವಿಚಾರಿಸುವುದು, ಉಳಿದ ಚಹಾ ಗುಟುಕರಿಸುವುದು, ಮೊಬೈಲ್ ನೋಡುವುದು ಎಲ್ಲ ಆಗಲೇ. ಕಿರಾನಾ ಘರಾಣೆಯವರಿಗೆ ಮಾತ್ರ ಅರ್ಧ ಸಂಗೀತ ಅಲ್ಲೇ ಆಗಿಹೋಗಿರುತ್ತದೆ. ಈ ಹುಚ್ಚು ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಿಗೆ ಹತ್ತಿದ್ದು ನಮಗೆಲ್ಲ ಗೊತ್ತು. ಸ್ವೀಡನ್ನಿಗೂ ಹತ್ತಿತ್ತು ಎಂದರೆ ಹುಬ್ಬೇರಿಸುವವರೇ ಹೆಚ್ಚು.

ಹತ್ತಿಸಿದವರು ಪಂಡಿತ ಪ್ರಾಣನಾಥ್. 1918ರಲ್ಲಿ ಲಾಹೋರಿನಲ್ಲಿ ಹುಟ್ಟಿದರು. ಹಾಡಿಗೆ ಮನೆಯಲ್ಲಿ ಒಪ್ಪಿಗೆ ಸಿಗದೆ ಹದಿಮೂರರ ಆಸುಪಾಸಿನಲ್ಲೇ ಹೊಸ್ತಿಲು ದಾಟಿ ಉಸ್ತಾದ್ ಅಬ್ದುಲ್ ವಹೀದ್ ಖಾನರ ಸೇವೆಗೆ ನಿಂತರು. ಗದಗಿನಿಂದ ಓಡಿಹೋದ ಭೀಮಸೇನ ಜೋಶಿಯವರ ಕಥೆ ಕೇಳಿ ಬೆಳೆದವರಿಗೆ ಇದೇನೂ ಹೊಸತಲ್ಲ. ಆ ಕಾಲದಲ್ಲಿ ಮನೆ ಬಿಡದೆ ಗವಾಯಿಯಾದವರನ್ನು ಹುಡುಕಬೇಕು. ವಹೀದ್ ಖಾನರು ಅಬ್ದುಲ್ ಕರೀಂ ಖಾನರ ಹತ್ತಿರದ ಸಂಬಂಧಿ. ಕರೀಂ ಖಾನರು ಮೀರಜಿನಲ್ಲಿ ನೆಲೆಯೂರಿ, ಮೈಸೂರಿನ ಆಸ್ಥಾನಕ್ಕೆ ಹೋಗಿಬರುತ್ತ, ಕುಂದಗೋಳದ ರಾಮಭಾವುಗೆ ಪಾಠ ಹೇಳಿದರು. ಆ ಶಿಷ್ಯನೇ ಮುಂದೆ ಸವಾಯಿ ಗಂಧರ್ವ. ಅವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲು ಹತ್ತುತ್ತಿದ್ದವರು ಗಂಗೂಬಾಯಿ ಹಾನಗಲ್ಲರು. ಅಂದಮೇಲೆ ಗಂಗೂಬಾಯಿಯವರೂ ಪ್ರಾಣನಾಥರೂ ವಿದ್ಯೆಯ ಲೆಕ್ಕದಲ್ಲಿ ದಾಯಾದಿಗಳೇ.

ಪ್ರಾಣನಾಥರು ಜನಪ್ರಿಯರಾಗಲಿಲ್ಲ. ವಹೀದ್ ಖಾನರಿಂದ ಬಂದ ಅತಿ ವಿಲಂಬಿತದ ಆಲಾಪವನ್ನು ಅವರು ಇನ್ನೂ ನಿಧಾನ ಮಾಡಿದರು. ತಾನಬಾಜಿಗೆ ಚಪ್ಪಾಳೆ ತಟ್ಟುವ ಸಭೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಡೆಹ್ರಾಡೂನಿನ ತಪಕೇಶ್ವರ ಗುಹಾದೇವಾಲಯದಲ್ಲಿ ವರ್ಷಗಟ್ಟಲೆ ಇದ್ದು ಶಿವನಿಗಾಗಿ ಹಾಡಿದರು. ಬಳಿಕ 1960ರಿಂದ ಹತ್ತು ವರ್ಷ ದೆಹಲಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದರು. 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಎರಡು ವರ್ಷದಲ್ಲಿ ಅಲ್ಲೇ ಕಿರಾನಾ ಹೆಸರಿನ ಸಂಗೀತ ಶಾಲೆ ತೆರೆದರು. ಲಾ ಮಾಂಟ್ ಯಂಗ್, ಟೆರ್ರಿ ರೈಲಿಯಂಥ ಹೆಸರುವಾಸಿ ಸಂಯೋಜಕರು ತಂಬೂರಿ ಹಿಡಿದು ಅವರ ಹಿಂದೆ ಕುಳಿತರು.

ಅದೇ 1970ರಲ್ಲಿ ದಕ್ಷಿಣ ಫ್ರಾನ್ಸಿನ ಮೇಗ್ ಪ್ರತಿಷ್ಠಾನದ ಉತ್ಸವದಲ್ಲಿ ಸ್ಟಾಕ್‌ಹೋಮಿನ ಒಬ್ಬರು ಪ್ರಾಣನಾಥರನ್ನು ಕಂಡರು. ಅವರು ಕ್ಯಾಥರೀನ್ ಕ್ರಿಸ್ಟರ್ ಹೆನಿಕ್ಸ್. 1948ರಲ್ಲಿ ಹುಟ್ಟಿದ ಇವರು ಮೊದಲು ಹಿಡಿದದ್ದು ಜಾಜ್ ಡ್ರಮ್ಮು, ಆಮೇಲೆ ಗಣಿತ ಮತ್ತು ತರ್ಕಶಾಸ್ತ್ರ. ಸ್ವರವೆಂದರೆ ಅನುಪಾತ ಎಂದು ಪುಸ್ತಕದಲ್ಲಿ ಓದಿದ್ದವರಿಗೆ ಆ ಅನುಪಾತ ಒಬ್ಬ ಮನುಷ್ಯನ ಗಂಟಲಿನಿಂದ ಬಂದಾಗ ಏನಾಗಿರಬೇಡ! ಅವರು ಪ್ರಾಣನಾಥರ ಶಿಷ್ಯತ್ವ ಹಿಡಿದರು.

ಆ ಅನುಪಾತ ಕಾಣಬೇಕೆಂದರೆ ತಂಬೂರಿಯ ಪಕ್ಕ ಕೂರಬೇಕು. ನಾಲ್ಕು ತಂತಿ: ಪಂಚಮ, ನಡುವೆ ಷಡ್ಜದ ಜೋಡಿ, ಕೊನೆಗೆ ಖರ್ಜ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ದಾರ, ಅದೇ ಜೀವಾಳ. ಕೂದಲೆಳೆಯಷ್ಟು ಅತ್ತ ಸರಿಸಿದರೆ ನಾದ ಮಂಕು, ಇತ್ತ ಸರಿಸಿದರೆ ಕರ್ಕಶ. ನಡುವೆ ಎಲ್ಲೋ ಒಂದು ಜಾಗದಲ್ಲಿ ತಂತಿ ತಟ್ಟನೆ ಬಾಯಿ ಬಿಡುತ್ತದೆ. ಆಗ ಖರ್ಜದೊಳಗಿಂದ, ಯಾರೂ ಮೀಟದ ಗಾಂಧಾರ ತಾನಾಗಿ ಎದ್ದು ಬರುತ್ತದೆ. ಅದು ಷಡ್ಜಕ್ಕೆ 5:4ರ ಗಾಂಧಾರ, ಸ್ವರಾಂತರದ ಅಳತೆಯಲ್ಲಿ 386 ಸೆಂಟ್. ಪಿಯಾನೋ, ಹಾರ್ಮೋನಿಯಂಗಳದ್ದು 400. ಈ ಹದಿನಾಲ್ಕು ಸೆಂಟಿನ ತಕರಾರಿಗೇ ಹಾರ್ಮೋನಿಯಂ ಮೇಲೆ ನಮ್ಮಲ್ಲಿ ಎಷ್ಟೋ ಜಗಳ ನಡೆದಿದೆ. ಸ್ವೀಡನ್ನಿನ ಚಳಿಗಾಲದಲ್ಲಂತೂ ಈ ಗಾಂಧಾರಕ್ಕೆ ಇನ್ನಷ್ಟು ಬೆವರು ಸುರಿಸಬೇಕು. ಬಿಸಿ ಮಾಡಿದ ಕೋಣೆಯ ಒಣಗಾಳಿಗೆ ಮರ ಕುಗ್ಗಿ ಬಿರಡೆ ಜಾರುತ್ತದೆ, ಸೋರೆ ಬುರುಡೆ ಬಿರುಕು ಬಿಡುವ ಭಯ ಬೇರೆ.

ಹೆನಿಕ್ಸ್ ಹಿಡಿದದ್ದು ಬೇರೆ ದಾರಿ. 1976ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮಿನ ಶೆಪ್ಸ್‌ಹೋಲ್ಮೆನ್ ದ್ವೀಪದ ಮಾಡರ್ನಾ ಮ್ಯೂಸಿಯಮ್ಮಿನಲ್ಲಿ ಅವರು ‘ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡ್’ ಎಂಬ ಕೃತಿ ನುಡಿಸಿದರು.  ವಿದ್ಯುತ್ ಕೀಲಿಮಣೆಯನ್ನು ಶುದ್ಧ ಅನುಪಾತಗಳಿಗೆ ಶ್ರುತಿ ಮಾಡಿ, ನುಡಿಸಿದ್ದನ್ನು ಟೇಪಿನಲ್ಲಿ ಮತ್ತೆ ಮತ್ತೆ ಮರಳಿಸಿದರು. ಸುಮಾರು 25 ನಿಮಿಷದ ಧ್ವನಿಮುದ್ರಿಕೆ ಉಳಿದಿದೆ. ತಾಳವಿಲ್ಲ, ಬಂದಿಶ್ ಇಲ್ಲ, ಗಾಯಕರೂ ಇಲ್ಲ; ಜೀವಾಳದ ಆ ಝೇಂಕಾರವೊಂದೇ ಹೆಜ್ಜೇನಿನ ಹಾಗೆ ಎದ್ದು ಸುತ್ತುತ್ತದೆ. ಇದು ಕಿರಾನಾ ಹೌದೇ ಎಂದು ಧಾರವಾಡದ ಹಿರಿಯ ಕೇಳುಗರನ್ನು ಕೇಳಿದರೆ ಎದ್ದೇ ಹೋದಾರು. ಘರಾಣೆಯೆಂದರೆ ಚೀಜುಗಳು, ಗುರುವಿನ ಎದುರಿನ ತಾಲೀಮು, ಗಂಟಲು, ಅದೆಲ್ಲ ಇಲ್ಲಿಲ್ಲ. ಆದರೆ ಕಿರಾನಾದವರು ಯಾವುದಕ್ಕಾಗಿ ಜೀವ ತೇಯ್ದರೋ ಆ ಶ್ರುತಿ ಮಾತ್ರ ಅಪ್ಪಟ. ಘರಾಣೆ ಅಲ್ಲದಿದ್ದರೆ ಬೇಡ, ಘರಾಣೆಯ ಕಿವಿ ಎಂದಾದರೂ ಒಪ್ಪಬೇಕು.

ಅದೇ ದ್ವೀಪದಲ್ಲಿ 1971ರ ಬೇಸಿಗೆಯಲ್ಲಿ ತಂಬೂರಿಯ ನಂಟಿದ್ದ ಒಂದು ಜೋಡಿ ಗುಮ್ಮಟದಂಥ ಡೇರೆಯಲ್ಲಿ ಸಂಸಾರ ಹೂಡಿತ್ತು: ಅಮೆರಿಕದ ಜಾಜ್ ತುತ್ತೂರಿಗಾರ ಡಾನ್ ಚೆರ್ರಿ ಮತ್ತು ಅವರ ಸ್ವೀಡಿಷ್ ಹೆಂಡತಿ, ಕಲಾವಿದೆ ಮೋಕಿ. ದಕ್ಷಿಣದ ಸ್ಕೋನೆ ಸೀಮೆಯ ಟೋಗಾರ್ಪಿನಲ್ಲಿ ಹಳೆಯ ಶಾಲೆಯೊಂದನ್ನು ಕೊಂಡು ಅವರು ಮನೆ ಮಾಡಿಕೊಂಡಿದ್ದರು. 1973ರಲ್ಲಿ ಸ್ವೀಡನ್ನಿನ ಕ್ಯಾಪ್ರಿಸ್ ಸಂಸ್ಥೆ ತಂದ ಚೆರ್ರಿಯ ‘ಆರ್ಗ್ಯಾನಿಕ್ ಮ್ಯೂಸಿಕ್ ಸೊಸೈಟಿ’ಯಲ್ಲಿ ತಂಬೂರಿ ಮೀಟಿದವರು ಮೋಕಿಯೇ. ಶ್ರುತಿಶುದ್ಧಿಯ ಮಟ್ಟಿಗೆ ಹೆನಿಕ್ಸ್ ಅವರ ಹತ್ತಿರಕ್ಕೂ ಅದು ಬಾರದು, ಆದರೆ ನೆಂಟರು ತುಂಬಿದ ಮನೆಯ ಗದ್ದಲದ ಸುಖ ಅದರಲ್ಲಿದೆ.

ಪ್ರಾಣನಾಥರು ರಾಗದ ವೇಳೆಯ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಈ ಶಿಸ್ತನ್ನು ಸ್ವೀಡನ್ನಿಗೆ ಒಯ್ದವರ ಪಾಡು ನೋಡಿ. ಜೂನ್ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಸೂರ್ಯಾಸ್ತದ ರಾಗ ಮಾರವಾ ಹಾಡಲು ಅಲ್ಲಿವರೆಗೆ ಕಾಯಬೇಕೇ? ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯಾಸ್ತ. ಊಟದ ತಟ್ಟೆ ತೊಳೆಯುವಷ್ಟರಲ್ಲಿ ಪೂರಿಯಾ ಮುಗಿದು ಯಮನ್ ಬಾಗಿಲಲ್ಲಿ. ಉತ್ತರದ ಕಿರುನಾ ಊರಿನಲ್ಲಂತೂ ನಡುಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಸಂಧಿಪ್ರಕಾಶ ರಾಗಗಳಿಗೆ ವಾರಗಟ್ಟಲೆ ರಜೆ.

ಪ್ರಾಣನಾಥರು 1996ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತೀರಿಕೊಂಡರು, ಹೆನಿಕ್ಸ್ 2023ರಲ್ಲಿ ಇಸ್ತಾನ್‌ಬುಲ್ಲಿನಲ್ಲಿ. 1976ರ ಆ ಮುದ್ರಿಕೆ ಸಿಡಿಯಾಗಿ ಎಲ್ಲರ ಕೈಗೆ ಬಂದದ್ದು 2010ರಲ್ಲಿ. ಕೇಳುವ ಆಸೆಯಾದವರು ಮೊದಲು ಪ್ರಾಣನಾಥರ ‘ರಾಗಾಸ್ ಆಫ್ ಮಾರ್ನಿಂಗ್ ಅಂಡ್ ನೈಟ್’ನ ತೋಡಿ, ದರ್ಬಾರಿಗಳನ್ನು ಕೇಳಲಿ, ಆಮೇಲೆ ಹೆನಿಕ್ಸ್. ತಿರುವುಮುರುವು ಮಾಡಿದರೆ ಇಪ್ಪತ್ತೈದು ನಿಮಿಷವೂ ಏನೋ ಯಂತ್ರ ಕೆಟ್ಟಿದೆ ಎನ್ನಿಸುವುದೇ ಹೆಚ್ಚು. ಹೆಡ್‌ಫೋನಿಗಿಂತ ಕೋಣೆಯಲ್ಲಿ ದೊಡ್ಡ ಸ್ಪೀಕರ್ ಇದ್ದರೆ ಒಳ್ಳೆಯದು. ಕೂತ ಜಾಗ ಬದಲಿಸಿದಂತೆಲ್ಲ ಒಂದೊಂದು ಉಪಸ್ವರ ಎದ್ದು ಕೇಳುತ್ತದೆ.